ಮೊಳೆ ಗಟ್ಟಿ, ಮೌಲ್ಯ ಬದಲಿ

ಅಮೆರಿಕದಲ್ಲಿ ಮ್ಯಾನೇಜರ್ ಆಗಿ ಮೇಲೇರಬೇಕಾದರೆ ಒಳ್ಳೆಯ ಮೌಲ್ಯಗಳು ಬೇಕಂತೆ. ಅವನ್ನು ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ನೇತು ಹಾಕುತ್ತಾರೆ. ಎನ್ರಾನ್ ಎಂಬ ಅಲ್ಲಿನ ದೊಡ್ಡ ಇಂಧನ ಕಂಪನಿಗೆ ಅಂಥ ನಾಲ್ಕು ಮೌಲ್ಯಗಳಿದ್ದವು: ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ. ಲೆಕ್ಕದ ಪುಸ್ತಕದಲ್ಲಿ ಮೋಸ ಮಾಡಿ, 2001ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ಎದ್ದಿತು. ಮೊಳೆ ಮಾತ್ರ ಗಟ್ಟಿಯಾಗಿತ್ತು ಅನ್ನಿ.

ಸರಿ, ಯಾರಲ್ಲಿ ಎಷ್ಟು ಮೌಲ್ಯ ಇದೆ ಅಂತ ತಿಳಿಯುವುದು ಹೇಗೆ? ಸುಲಭ. ಹೆಸರು ನೋಡಿದರೆ ಸಾಕು. ಇಬ್ಬರು ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಷಿಕಾಗೋದ ಪತ್ರಿಕೆಗಳಲ್ಲಿ ಬಂದ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಸುಳ್ಳು ಅರ್ಜಿ ಹಾಕಿದರು. ಕ್ಯಾಷಿಯರ್‌ನಿಂದ ಸೇಲ್ಸ್ ಮ್ಯಾನೇಜರ್‌ವರೆಗಿನ ಕೆಲಸಗಳು. ಓದು, ಅನುಭವ ಒಂದೇ ಥರ; ಹೆಸರು ಮಾತ್ರ ಬೇರೆ. ಕೆಲವು ಅರ್ಜಿ ಎಮಿಲಿ, ಗ್ರೆಗ್ ಎಂಬ ಬಿಳಿಯರ ಹೆಸರಲ್ಲಿ, ಕೆಲವು ಲಕೀಶಾ, ಜಮಾಲ್ ಎಂಬ ಕಪ್ಪು ಜನರ ಹೆಸರಲ್ಲಿ. 2004ರಲ್ಲಿ ಫಲಿತಾಂಶ ಅಚ್ಚಾಯಿತು. ಎಮಿಲಿ 10 ಅರ್ಜಿ ಹಾಕಿದರೆ ಒಂದು ಕರೆ ಬರುತ್ತದೆ. ಲಕೀಶಾ 15 ಹಾಕಬೇಕು. ಆ ಐದು ಹೆಚ್ಚಿನ ಅರ್ಜಿ ‘ಪರಿಶ್ರಮ’ ಎಂಬ ಮೌಲ್ಯ ಕಲಿಯಲಿಕ್ಕೆ ಇರಬೇಕು.

ಇದನ್ನೂ ದಾಟಿದವರಿಗೆ ‘ಕಲ್ಚರ್ ಫಿಟ್’, ಅಂದರೆ ಕಂಪನಿಯ ರೀತಿ ನೀತಿಗೆ ಹೊಂದುತ್ತಾರಾ ಎಂಬ ಪರೀಕ್ಷೆ ಇದೆ. ಸಾಹೇಬರ ಜೋಕಿಗೆ ಸಾಹೇಬರ ಥರವೇ ನಗಲು ಬರಬೇಕು. ನಾವು ನಗುವ ಹಾಗಿಲ್ಲ. ‘ಯಾವೂರು? ಹೌದಾ, ಅಲ್ಲಿ ಯಾವ ಬೀದಿ?’ ಅಂತ ಕೇಳಿ ಕೇಳಿ ಜಾತಿ ಪತ್ತೆ ಮಾಡುವವರು ನಾವೇ ಅಲ್ವಾ?

ಕಷ್ಟಪಟ್ಟು ಮೇಲೇರಿದವರು ಏನು ಹೇಳುತ್ತಾರೆ ನೋಡೋಣ. ನಮ್ಮ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲಾ 2014ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥರಾದರು. ಅದೇ ವರ್ಷ ಹೆಂಗಸರ ಸಮಾವೇಶವೊಂದರಲ್ಲಿ ಅವರಿಗೆ ಸಂಬಳದ ಪ್ರಶ್ನೆ ಬಂತು. ಜಾಸ್ತಿ ಕೊಡಿ ಅಂತ ಕೇಳುವುದಲ್ಲ, ವ್ಯವಸ್ಥೆಯನ್ನು ನಂಬಿ, ಅದೇ ಒಳ್ಳೆಯ ಕರ್ಮ ಎಂದರು. ಗಲಾಟೆಯಾದ ಮೇಲೆ ತಪ್ಪಾಯಿತು ಎಂದರು. ಕರ್ಮ ಅಂತ ನಾವೂ ಹೇಳುತ್ತೇವೆ, ಹಣೆ ಚಚ್ಚಿಕೊಳ್ಳುವಾಗ.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಮೊಣಕಾಲಡಿ ಸತ್ತಾಗ ಕಂಪನಿಗಳು ಅವಸರದಲ್ಲಿ ‘ವೈವಿಧ್ಯ’ದ, ಅಂದರೆ ಎಲ್ಲ ಥರದ ಜನರಿಗೂ ಜಾಗ ಕೊಡುತ್ತೇವೆ ಎಂಬ ಬೋರ್ಡು ಬರೆಸಿದವು. 2025ರ ಜನವರಿ 20ಕ್ಕೆ ಟ್ರಂಪ್ ಪ್ರಮಾಣವಚನ. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಅಷ್ಟು ದಿನವೂ ಕಾಯಲಿಲ್ಲ. 10ನೇ ತಾರೀಕಿಗೇ ವೈವಿಧ್ಯದ ಕಾರ್ಯಕ್ರಮಗಳನ್ನು ಕೈಬಿಟ್ಟಿತು. ಬೋರ್ಡು ಬರೆಯುವವನಿಗೆ ಹೇಳಿ, ಹಳೆಯದನ್ನು ಎಸೆಯಬೇಡಪ್ಪಾ. ಮುಂದಿನ ಅಧ್ಯಕ್ಷರ ಚುನಾವಣೆ 2028ಕ್ಕೆ.