ಫಾದರ್ ಏನು ಕಟ್ಟಿಸಿದರು ಅಂತ ಕೇಳಬೇಡಿ

ಮೇ ತಿಂಗಳು ಬಂದರೆ ನಮ್ಮ ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿ, ಅಂದರೆ ಚರ್ಚ್‌ಗಳಲ್ಲಿ, ಪೂಜೆ ಮುಗಿಸಿ ಹೊರಗೆ ಬಂದವರ ಬಾಯಲ್ಲಿ ಒಂದೇ ಮಾತು. ಈ ಸಲ ಯಾರಿಗೆ ವರ್ಗ? ಹೊಸಬರು ಯಾರು? ಆರೇಳು ವರ್ಷ ಒಂದು ಊರಲ್ಲಿದ್ದ ಫಾದರ್ ಹೊರಡುತ್ತಾರೆ. ಬೀಳ್ಕೊಡುಗೆ ಸಭೆ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಒಬ್ಬರು ಮೈಕ್ ಮುಂದೆ ನಿಂತು ಅವರ ಸಾಧನೆ ಓದುತ್ತಾರೆ. ಹೊಸ ಹಾಲ್ ಆಯಿತು, ಅಂಗಳಕ್ಕೆ ಇಂಟರ್‌ಲಾಕ್ ಬಂತು, ಮಾತೆ ಮರಿಯಮ್ಮನಿಗೆ ಗುಹೆಯಂಥ ಗ್ರೊಟ್ಟೊ ಆಯಿತು, ಶಾಲೆಗೆ ಎರಡನೇ ಮಹಡಿ ಎದ್ದಿತು, ಸ್ಮಶಾನಕ್ಕೆ ಕಾಂಪೌಂಡ್ ಬಂತು. ಜನ ಚಪ್ಪಾಳೆ ತಟ್ಟುತ್ತಾರೆ.

ಆ ಪಟ್ಟಿಯಲ್ಲಿ ನಾನು ಒಂದು ಸಾಲಿಗಾಗಿ ಕಾಯುತ್ತೇನೆ. ಇವರು ನಮ್ಮ ಮನೆಗಳಿಗೆ ಬಂದರು, ಹಾಸಿಗೆ ಹಿಡಿದವರ ಹತ್ತಿರ ಕೂತರು, ಯಾರ ಮನೆಯಲ್ಲಿ ಏನು ಕಷ್ಟ ಎಂದು ಇವರಿಗೆ ಗೊತ್ತಿತ್ತು ಅನ್ನುವ ಸಾಲು. ಕೆಲವು ಫಾದರ್‌ಗಳ ವಿಷಯದಲ್ಲಿ ಅದು ಪೂರ್ತಿ ನಿಜ. ಆದರೂ ಯಾರೂ ಓದುವುದಿಲ್ಲ. ಏಕೆಂದರೆ ಅದನ್ನು ನಾವು ಸಾಧನೆ ಎಂದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವತ್ತು ಕರಾವಳಿಯ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಇಗರ್ಜಿಗೆ ಸೇರಿದ ಊರುಗಳಲ್ಲಿ, ಎಲ್ಲಕ್ಕಿಂತ ದೊಡ್ಡ ಸೇವೆ ಮನೆಭೇಟಿ. ಅದರಲ್ಲೂ ಇಗರ್ಜಿಗೆ ಬರಲಾಗದ ವಯಸ್ಸಾದವರ ಮನೆಗಳ ಭೇಟಿ. ಅದಕ್ಕೆ ಅಡ್ಡ ಬರುವ ಯಾವ ಕಟ್ಟಡವೇ ಆಗಲಿ, ಎರಡು ವರ್ಷ ತಡವಾದರೂ ಪರವಾಗಿಲ್ಲ.

ನಮ್ಮ ಊರುಗಳು ಈಗ ಹೇಗಿವೆ ನೋಡಿ. ಹಿಂದೆ ಮಕ್ಕಳು ಮುಂಬೈಗೆ ಹೋದರು, ಆಮೇಲೆ ಕುವೈತ್, ದುಬೈ, ಮಸ್ಕತ್. ಈಗ ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ. ಗಲ್ಫಿಗೆ ಹೋದವರು ಒಂದು ದಿನ ಊರಿಗೆ ವಾಪಸ್ ಬರುತ್ತಿದ್ದರು. ಕೆನಡಾಕ್ಕೆ ಹೋದವರು ಅಲ್ಲೇ ಮನೆ ಮಾಡುತ್ತಾರೆ. ಊರಿನ ಮನೆಗೆ ಹೊಸ ಟೈಲ್ಸ್ ಹಾಕಿದ್ದಾರೆ, ಗೇಟಿಗೆ ಕ್ಯಾಮೆರಾ ಇದೆ, ಒಳಗೆ ಒಬ್ಬ ಬಾಯಮ್ಮ ಮತ್ತು ಅವರನ್ನು ನೋಡಿಕೊಳ್ಳುವ ಹೋಂ ನರ್ಸ್. ಸಂಜೆ ಜಪಸರಕ್ಕೆ ಇಡೀ ಮನೆ ಕೂತು, ಮುಗಿದ ಮೇಲೆ ಮಕ್ಕಳೆಲ್ಲ ಸಾಲಾಗಿ ಬಂದು ಹಿರಿಯರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಿದ್ದ ಮನೆಗಳು ಇವೇ. ಈಗ ಬೆಸಾಂವ್ ಕೊಡುವವರಿದ್ದಾರೆ, ಕೇಳುವವರು ವಿಡಿಯೊ ಕಾಲ್‌ನಲ್ಲಿ ಮಾತ್ರ.

ಇಂಥ ಮನೆಗೆ ಫಾದರ್ ತಪ್ಪದೆ ಬರುವುದು ತಿಂಗಳ ಮೊದಲ ಶುಕ್ರವಾರ. ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಅಂದರೆ ಪರಮ ಪ್ರಸಾದವನ್ನು, ತರುತ್ತಾರೆ. ಈ ಪದ್ಧತಿ ಎಷ್ಟು ಚೆಂದದ್ದು ಎಂದು ಗೊತ್ತಾಗಬೇಕಾದರೆ ಆ ಬೆಳಿಗ್ಗೆ ಅಂಥ ಮನೆಯೊಳಗೆ ಇರಬೇಕು. ಮೇಜಿಗೆ ಬಿಳಿ ಬಟ್ಟೆ ಹಾಸುತ್ತಾರೆ. ಶಿಲುಬೆ, ಎರಡು ಮೇಣದ ಬತ್ತಿ, ಒಂದು ಲೋಟ ನೀರು. ಕಪಾಟಿನಲ್ಲಿದ್ದ ಒಳ್ಳೆಯ ಸೀರೆ ಹೊರಗೆ ಬರುತ್ತದೆ. ನಡೆಯಲಾಗದ ಹೆಂಗಸು ಐದು ಗಂಟೆಗೇ ಎದ್ದು, ಕೂದಲು ಬಾಚಿಸಿಕೊಂಡು, ಕುರ್ಚಿಯಲ್ಲಿ ಕೂತು ಕಾಯುತ್ತಾರೆ. ಹೊರಗೆ ಸ್ಕೂಟರಿನ ಸದ್ದು. ಕುತ್ತಿಗೆಗೆ ಪ್ರಸಾದದ ಸಣ್ಣ ಚೀಲ ತೂಗುಹಾಕಿಕೊಂಡ ಫಾದರ್, ಜೊತೆಗೆ ವಾಳೆಯ (ಧರ್ಮಕೇಂದ್ರದ ಒಂದು ಭಾಗದ) ಮುಖಂಡರಾದ ಗುರಿಕಾರರು. ಪ್ರಾರ್ಥನೆ, ಪ್ರಸಾದ, ಆಶೀರ್ವಾದ. ಐದು ನಿಮಿಷ. ಮತ್ತೆ ಸ್ಕೂಟರ್.

ಆ ಬಾಯಮ್ಮನಿಗೆ ಹೇಳಲು ಎಷ್ಟೋ ಇತ್ತು. ಮಂಡಿನೋವಿನ ವಿಷಯವಲ್ಲ. ಮಗ ಪೂಜೆಗೆ ಹೋಗುವುದನ್ನೇ ಬಿಟ್ಟಿದ್ದಾನೆ, ನಾನು ಏನು ಮಾಡಲಿ ಅನ್ನುವುದು. ತಂಗಿಯ ಜೊತೆ ಜಾಗದ ತಕರಾರಿನಲ್ಲಿ ಮಾತು ಬಿಟ್ಟು ಎಷ್ಟೋ ಕಾಲವಾಯಿತು, ಸಾಯುವ ಮೊದಲು ಸರಿ ಮಾಡಿಸಿ ಕೊಡುತ್ತೀರಾ ಅನ್ನುವುದು. ಇವೆಲ್ಲ ಐದು ನಿಮಿಷದಲ್ಲಿ ಬಾಯಿಗೆ ಬರುವ ಮಾತುಗಳಲ್ಲ. ಮೊದಲು ಮಳೆಯ ಬಗ್ಗೆ ಮಾತಾಡಬೇಕು, ತೆಂಗಿನಕಾಯಿ ಕೀಳಲು ಜನ ಸಿಗುವುದಿಲ್ಲ ಅನ್ನಬೇಕು, ಚಹಾ ಆಗಬೇಕು. ಆಮೇಲೆ ನಿಜವಾದ ಮಾತು ಬರುತ್ತದೆ.

ಫಾದರ್‌ಗಳನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಅವರ ದಿನ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ಬೆಳಿಗ್ಗೆ ಪೂಜೆ. ಆಮೇಲೆ ಶಾಲೆ. ಧರ್ಮಕೇಂದ್ರದ ಶಾಲೆಗೆ ಅವರೇ ಸಂಚಾಲಕರು. ಅನುದಾನಿತ ಶಾಲೆಯಲ್ಲಿ ನಿವೃತ್ತರಾದ ಟೀಚರ ಜಾಗ ಖಾಲಿ ಬಿದ್ದಿದ್ದರೆ, ಆ ಸಂಬಳ ಎಲ್ಲಿಂದ ತರುವುದು ಎಂಬ ಚಿಂತೆ ಅವರದ್ದು. ಬಿಇಒ ಕಚೇರಿ, ಪಂಚಾಯತ್, ಬ್ಯಾಂಕ್, ಆಡಿಟ್. ಮದುವೆಗೆ ಮುಂಚೆ ಹುಡುಗ ಹುಡುಗಿಯ ಕಾಗದಪತ್ರ. ಜ್ಞಾನಸ್ನಾನದ ಸರ್ಟಿಫಿಕೇಟ್ ಬೇಕೆಂದು ಅಬುಧಾಬಿಯಿಂದ ಫೋನ್. ಮಧ್ಯಾಹ್ನ ಸಾವು, ಸಂಜೆ ಧರ್ಮಕೇಂದ್ರದ ಮಂಡಳಿಯ ಸಭೆ, ರಾತ್ರಿ ಕಂಟ್ರಾಕ್ಟರ್. ಚಿಕ್ಕ ಊರಾದರೆ ಸಹಾಯಕ ಫಾದರ್ ಕೂಡ ಇರುವುದಿಲ್ಲ. ಒಬ್ಬರೇ ಅಡುಗೆಯವನ ಜೊತೆ ದೊಡ್ಡ ಬಂಗಲೆಯಲ್ಲಿ. ಅವರೂ ಒಂಟಿಯೇ ಅಲ್ವಾ?

ಹಾಗಾದರೆ ಪ್ರಶ್ನೆ ಇಷ್ಟು. ಈ ಕೆಲಸಗಳಲ್ಲಿ ಫಾದರ್ ಮಾತ್ರ ಮಾಡಬಹುದಾದದ್ದು ಯಾವುದು?

1983ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಹೊರಡಿಸಿದ ಧರ್ಮಸಭೆಯ ಕಾನೂನು ಇದೆ. ಅದರ 529ನೇ ವಿಧಿ ಓದಿದರೆ ಎದೆ ತುಂಬಿ ಬರುತ್ತದೆ. ಧರ್ಮಕೇಂದ್ರದ ಗುರು ತನ್ನ ಜನರನ್ನು ತಿಳಿದುಕೊಳ್ಳಬೇಕು, ಅದಕ್ಕಾಗಿ ಕುಟುಂಬಗಳನ್ನು ಭೇಟಿ ಮಾಡಬೇಕು, ಅವರ ಚಿಂತೆಯಲ್ಲಿ, ಸಾವಿನ ದುಃಖದಲ್ಲಿ ಪಾಲು ತೆಗೆದುಕೊಳ್ಳಬೇಕು ಎನ್ನುತ್ತದೆ. ರೋಗಿಗಳಿಗೆ, ಸಾವಿನ ಹತ್ತಿರ ಇರುವವರಿಗೆ ಆಸರೆಯಾಗಬೇಕು. ಬಡವರು, ನೊಂದವರು, ಒಂಟಿಯಾದವರು, ಊರು ಬಿಟ್ಟು ಬಂದವರ ಕಡೆಗೆ ವಿಶೇಷ ಗಮನ ಇರಬೇಕು. ಒಂಟಿಯಾದವರು ಎಂದು ಬಿಡಿಸಿಯೇ ಬರೆದಿದ್ದಾರೆ. ಆಸ್ತಿಪಾಸ್ತಿಯ ಹೊಣೆಯೂ ಗುರುವಿನದ್ದೇ ಎಂದು 532ನೇ ವಿಧಿ ಹೇಳುತ್ತದೆ, ನಿಜ. ಆದರೆ ಅದಕ್ಕೆ ನೆರವಾಗಲು ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು ಎಂದು 537ರಲ್ಲಿದೆ. ಅಂದರೆ ಲೆಕ್ಕಕ್ಕೆ, ಸಿಮೆಂಟಿಗೆ, ಕಂಟ್ರಾಕ್ಟರಿಗೆ ನಾವು ಹೆಗಲು ಕೊಡಬಹುದು. ನಮ್ಮಲ್ಲಿ ಎಂಜಿನಿಯರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಹೆಡ್‌ಮಾಸ್ಟರ್ ಆಗಿದ್ದವರು ಎಷ್ಟು ಜನ ಇದ್ದಾರೆ! ಪಾಪನಿವೇದನೆ ಕೇಳಲು ಮಾತ್ರ ನಮ್ಮಿಂದ ಆಗುವುದಿಲ್ಲ. ಸಾಯುವವರ ಹಣೆಗೆ ಎಣ್ಣೆ ಹಚ್ಚಲು ಆಗುವುದಿಲ್ಲ.

ಎಣ್ಣೆಯ ವಿಷಯ ಬಂತು, ಸ್ವಲ್ಪ ಜಾಸ್ತಿ ಹೇಳಬೇಕು. ಫಾದರ್ ಪ್ರಾರ್ಥಿಸಿ ಎಣ್ಣೆ ಹಚ್ಚುವ ಈ ಸಂಸ್ಕಾರ, ರೋಗಿಗಳ ಅಭ್ಯಂಗ, ಅಂದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಸಾವು ಅಂತಲೇ ಅರ್ಥ. ಅದು ಸಾವಿನ ಅಂಚಿನಲ್ಲಿ ಇರುವವರಿಗೆ ಮಾತ್ರ ಅಲ್ಲ ಎಂದು ಲೋಕದ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. 1972ರಲ್ಲಿ ಹೊಸ ವಿಧಿಯೂ ಬಂತು. ಕಾಯಿಲೆ ಗಂಭೀರವಾದಾಗ, ವಯಸ್ಸಿನಿಂದ ದೇಹ ಸೋತಾಗ ತೆಗೆದುಕೊಳ್ಳಬಹುದು, ಮತ್ತೆ ಬೇಕಾದಾಗ ಮತ್ತೆ ತೆಗೆದುಕೊಳ್ಳಬಹುದು. ಆದರೂ ಮನೆಯವರು ಫಾದರ್‌ಗೆ ಹೇಳಿ ಕಳಿಸಲು ಹಿಂದೆಮುಂದೆ ನೋಡುತ್ತಾರೆ. "ಅವರು ಬಂದರೆ ಅಪ್ಪ ಹೆದರಿಬಿಡುತ್ತಾರೆ" ಅನ್ನುತ್ತಾರೆ. ತಡ ಮಾಡುತ್ತಾರೆ. ಆಮೇಲೆ ಅಪ್ಪ ಐಸಿಯುನಲ್ಲಿ, ಪೈಪುಗಳ ನಡುವೆ, ಮಾತಿಲ್ಲ.

ಅಪ್ಪ ಏಕೆ ಹೆದರುತ್ತಾರೆ? ಫಾದರ್ ಸುಮ್ನೆ ಮನೆಗೆ ಬಂದದ್ದನ್ನು ಅವರು ನೋಡಿಯೇ ಇಲ್ಲ. ತಿಂಗಳಿಗೊಮ್ಮೆ ಬಂದು, ಅಂಗಳದಲ್ಲಿ ಕೂತು, ಅಡಿಕೆ ಧಾರಣೆ ಕೇಳಿ ಹೋಗುವ ಫಾದರ್ ಆಗಿದ್ದರೆ, ಎಣ್ಣೆ ತಂದ ದಿನವೂ ಅವರು ಹಳೆಯ ಪರಿಚಯದವರೇ ಆಗಿರುತ್ತಿದ್ದರು. ಮನೆಭೇಟಿ ಇಲ್ಲದೆ ಸಂಸ್ಕಾರ ಕೂಡ ಸರಿಯಾದ ಹೊತ್ತಿಗೆ ತಲುಪುವುದಿಲ್ಲ ಎಂದು ನಾನು ಹೇಳುವುದು ಇದಕ್ಕೆ.

2020ರ ಲಾಕ್‌ಡೌನ್ ಇನ್ನೊಂದು ಬದಲಾವಣೆ ತಂದಿತು. ಇಗರ್ಜಿಗಳ ಬಾಗಿಲು ಮುಚ್ಚಿದಾಗ ಪೂಜೆ ಯೂಟ್ಯೂಬಿಗೆ ಬಂತು. ಆಗ ಅದು ದೊಡ್ಡ ಉಪಕಾರ. ಬಾಗಿಲು ತೆರೆದ ಮೇಲೆ ಹೆಚ್ಚಿನವರು ವಾಪಸ್ ಬಂದರು. ಕೆಲವು ಹಿರಿಯರು ಬರಲಿಲ್ಲ. ಬಸ್ಸು ಹತ್ತುವುದು ಕಷ್ಟ, ಆಟೋಗೆ ದುಡ್ಡು ಜಾಸ್ತಿ, ಮೊಬೈಲಿನಲ್ಲಿ ಹೇಗೂ ಪೂಜೆ ಇದೆ. ಹೀಗೆ ಅವರು ಮನೆಯಲ್ಲೇ ಉಳಿದರು. ಅವರ ಬೆಂಚು ಖಾಲಿಯಾದದ್ದನ್ನು ಯಾರು ಗಮನಿಸಿದರು? ಗುರಿಕಾರರು ಚುರುಕಾಗಿದ್ದ ವಾಳೆಗಳಲ್ಲಿ ಗೊತ್ತಾಯಿತು. ಉಳಿದ ಕಡೆ ಸಾವಿನ ಗಂಟೆ ಹೊಡೆದಾಗಲೇ ಗೊತ್ತಾದದ್ದು. ಮಕ್ಕಳು ವಿಮಾನ ಹಿಡಿದು ಬರುವ ತನಕ ದೇಹ ಆಸ್ಪತ್ರೆಯ ಶವಾಗಾರದಲ್ಲಿ. ಆಮೇಲೆ ಇಗರ್ಜಿ ತುಂಬ ಜನ, ಹೂವು, ಬ್ಯಾಂಡು. ಬದುಕಿದ್ದಾಗ ಆ ಮನೆಯ ಮೆಟ್ಟಿಲು ಹತ್ತದವರೂ ಸಾಲಲ್ಲಿ ನಿಂತು ಪವಿತ್ರ ನೀರು ಚಿಮುಕಿಸುತ್ತಾರೆ. ಇದು ನನಗೆ ಬಹಳ ನೋವು ಕೊಡುತ್ತದೆ.

ಕಟ್ಟಡದ ಪರವಾಗಿ ಹೇಳುವವರ ಮಾತಲ್ಲೂ ಹುರುಳಿದೆ. ಹಳೆಯ ಹೆಂಚಿನ ಮಾಡು ಸೋರುತ್ತದೆ, ಪಕ್ಕಾಸು ಗೆದ್ದಲು ತಿನ್ನುತ್ತದೆ, ನಮ್ಮ ಮಳೆಗೆ ಯಾವ ಗೋಡೆ ತಾನೇ ತಾಳುತ್ತದೆ? ಅಂಥ ಕೆಲಸ ಆಗಲೇಬೇಕು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಗೆ 1818ರಲ್ಲಿ ಹೋದ ಜಾನ್ ಮರಿಯ ವಿಯಾನ್ನಿ, ಆಮೇಲೆ ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕ ಸಂತರಾದವರು, ಅವರೂ ತಮ್ಮ ಇಗರ್ಜಿಯನ್ನು ದುರಸ್ತಿ ಮಾಡಿ ಚೆಂದ ಮಾಡಿದವರೇ. ಆದರೆ ಆಗಸ್ಟ್ 4ರಂದು ಅವರ ಹಬ್ಬ ಆಚರಿಸುವಾಗ ಆ ಗೋಡೆಗಳನ್ನು ಯಾರು ನೆನೆಯುತ್ತಾರೆ? ಇನ್ನೂರ ಚಿಲ್ಲರೆ ಜನರಿದ್ದ ಊರಿಗೆ ಬಂದು, ಮನೆ ಮನೆ ತಿರುಗಿ ಜನರನ್ನು ತಿಳಿದುಕೊಂಡದ್ದನ್ನು, ಗಂಟೆಗಟ್ಟಲೆ ಪಾಪನಿವೇದನೆ ಕೇಳುತ್ತಾ ಕೂತದ್ದನ್ನು ನೆನೆಯುತ್ತೇವೆ.

ಕಟ್ಟಡ ನಿಧಿಗೆ ಮನೆಗೆ ಇಷ್ಟು ಎಂದು ನಿಗದಿ ಮಾಡುವುದರಿಂದ ಇನ್ನೊಂದು ಕೆಡುಕು ಆಗುತ್ತದೆ. ಕೊಡಲಾಗದ ಮನೆಯವರು ಫಾದರ್ ಎದುರು ಸಿಕ್ಕರೆ ತಲೆ ತಗ್ಗಿಸುತ್ತಾರೆ. ಮೆಲ್ಲಗೆ ಪೂಜೆ ತಪ್ಪಿಸುತ್ತಾರೆ, ಇಲ್ಲವೇ ಯಾರೂ ನೋಡದ ಹಾಗೆ ಹಿಂದೆ ನಿಂತು ಬೇಗ ಹೊರಟುಬಿಡುತ್ತಾರೆ. ಇಂಥ ಒಂದು ಮನೆ ನನಗೆ ಗೊತ್ತು. ಕೂಲಿ ಮಾಡುವ ಗಂಡ ಬಿದ್ದು ಸೊಂಟ ಮುರಿದುಕೊಂಡಿದ್ದ. ಹೆಂಡತಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು. ಅವರ ಬಾಗಿಲಿಗೆ ಹೋದದ್ದು ರಶೀದಿ ಪುಸ್ತಕ ಹಿಡಿದವರು. ಗಂಡನ ವಿಷಯ ಅವರಿಗೆ ಅಲ್ಲಿ ಹೋದ ಮೇಲೆ ತಿಳಿಯಿತು. ಯಾರೂ ಕೆಟ್ಟವರಲ್ಲ. ಆದರೆ ಮೊದಲು ಯಾರು ಹೋಗಬೇಕಿತ್ತು?

ಮೊದಲು ಹೋದದ್ದು, ನಿಜವಾಗಿ ಹೇಳಬೇಕೆಂದರೆ, ಕಾನ್ವೆಂಟಿನ ಒಬ್ಬ ಸಿಸ್ಟರ್. ನಮ್ಮಲ್ಲಿ ಮನೆಗಳ ಸುದ್ದಿ ಸಿಸ್ಟರುಗಳಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಯಾವ ಮನೆಯಲ್ಲಿ ಕುಡಿತ, ಯಾವ ಹುಡುಗಿ ಕಾಲೇಜು ಬಿಟ್ಟಳು, ಯಾವ ಅಜ್ಜಿಗೆ ಸೊಸೆ ಊಟ ಸರಿಯಾಗಿ ಹಾಕುವುದಿಲ್ಲ ಎಂದು ಅವರಿಗೆ ತಿಳಿದಿರುತ್ತದೆ. ಮಂಡಳಿಯಲ್ಲಿ ದೊಡ್ಡ ತೀರ್ಮಾನ ಆಗುವಾಗ ಮಾತ್ರ ಅವರ ಮಾತು ಕಡಿಮೆ ಕೇಳಿಸುತ್ತದೆ. ಇದು ಬದಲಾಗಬೇಕು.

ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರನ್ನೂ ನೋಡಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಅವರ ಕಾಲೇಜು ಗೆಳೆಯರು ಶುರು ಮಾಡಿದ್ದು. ಬಡವರ ಮನೆಗೆ ತಾವೇ ಹೋಗುವುದು ಅದರ ಮೂಲ ನಿಯಮ. ಇಬ್ಬಿಬ್ಬರಾಗಿ ಹೋಗುತ್ತಾರೆ. ಸಭೆಯಲ್ಲಿ ಗುಪ್ತ ಚೀಲ ಸುತ್ತು ಬರುತ್ತದೆ, ಯಾರು ಎಷ್ಟು ಹಾಕಿದರು ಎಂದು ಪಕ್ಕದವರಿಗೂ ತಿಳಿಯುವುದಿಲ್ಲ. ದಾನಿಗಳ ಹೆಸರು ಕೆತ್ತಿದ ಕಲ್ಲು ಹಾಲ್ ಗೋಡೆಯಲ್ಲಿರುವಾಗ ನನಗೆ ಈ ಚೀಲ ತುಂಬ ದೊಡ್ಡದಾಗಿ ಕಾಣಿಸುತ್ತದೆ. ಈಗ ಅವರ ಸಭೆಯಲ್ಲಿ ತಲೆ ಬೆಳ್ಳಗಾದವರೇ ಜಾಸ್ತಿ. ಯುವಕರು ಸೇರಬೇಕು. ಹಬ್ಬಕ್ಕೆ ಲೈಟಿಂಗ್ ಮಾಡುವ ಉತ್ಸಾಹದಲ್ಲಿ ಅರ್ಧ ಇಲ್ಲಿ ಕೊಟ್ಟರೂ ಸಾಕು.

ಪರಮ ಪ್ರಸಾದ ಒಯ್ಯಲು ಕೂಡ ಫಾದರ್ ಒಬ್ಬರೇ ಆಗಬೇಕಿಲ್ಲ. ಬಿಷಪರಿಂದ ನೇಮಕವಾದ ಸಾಮಾನ್ಯ ಜನರೂ ಕೊಡಬಹುದು ಎಂದು 1973ರಲ್ಲಿ, ಆರನೇ ಪೌಲ್ ಪೋಪ್ ಆಗಿದ್ದಾಗ, ರೋಮ್ ಅನುಮತಿ ಕೊಟ್ಟಿತು. ಅಂಥವರು ತಯಾರಾದರೆ ಹಾಸಿಗೆ ಹಿಡಿದವರಿಗೆ ಪ್ರತಿ ಭಾನುವಾರ ಪ್ರಸಾದ ಸಿಗುತ್ತದೆ. "ಫಾದರ್ ಕೈಯಿಂದಲೇ ಬೇಕು" ಎಂದು ಹಟ ಹಿಡಿಯುವ ಹಿರಿಯರಿದ್ದಾರೆ, ಅವರಿಗೆ ತಾಳ್ಮೆಯಿಂದ ಹೇಳಬೇಕು. ಆಗ ಮೊದಲ ಶುಕ್ರವಾರ ಫಾದರ್ ಎಲ್ಲ ಮನೆಗೂ ಓಡಬೇಕಿಲ್ಲ. ನಾಲ್ಕೇ ಮನೆಗೆ ಹೋಗಲಿ, ಚಹಾ ಕುಡಿಯುವ ತನಕ ಕೂರಲಿ. ಮುಂದಿನ ತಿಂಗಳು ಬೇರೆ ನಾಲ್ಕು.

2013ರಲ್ಲಿ ಪೋಪ್ ಆದ ಕೆಲವೇ ದಿನಗಳಲ್ಲಿ ಫ್ರಾನ್ಸಿಸ್ ಅವರು ಗುರುಗಳಿಗೆ ಹೇಳಿದ ಮಾತು, ಕುರಿಗಳ ವಾಸನೆ ಇರುವ ಕುರುಬರಾಗಿ ಅನ್ನುವುದು, ನಮ್ಮ ಪ್ರಬೋಧನೆಗಳಲ್ಲಿ ಬೇಕಾದಷ್ಟು ಸಲ ಬಂದಿದೆ. ಕುರುಬನಿಗೆ ಹಟ್ಟಿ ಕಟ್ಟುವ ಕೆಲಸವನ್ನೇ ಕೊಟ್ಟು ಕೂರಿಸಿದರೆ ವಾಸನೆ ಎಲ್ಲಿಂದ ಬರಬೇಕು?

ಈ ಜೂನ್‌ನಲ್ಲಿ ನಮ್ಮಲ್ಲಿಗೂ ಹೊಸ ಫಾದರ್ ಬರುತ್ತಿದ್ದಾರೆ. ನಮ್ಮ ವಾಳೆಯವರು ಒಂದು ಪಟ್ಟಿ ಮಾಡುತ್ತಿದ್ದೇವೆ. ಇಗರ್ಜಿಗೆ ಬರಲಾಗದವರ ಹೆಸರು, ಮನೆಗೆ ಹೋಗುವ ದಾರಿ, ಅವರು ಎಚ್ಚರವಾಗಿರುವ ಹೊತ್ತು, ಕಿವಿ ಕೇಳಿಸುತ್ತದೆಯೇ, ಕೊಂಕಣಿಯಲ್ಲಿ ಮಾತಾಡಬೇಕೇ ಕನ್ನಡವೋ ತುಳುವೋ, ಮಗ ಅಥವಾ ಮಗಳ ಫೋನ್ ನಂಬರ್, ನಾಯಿ ಕಟ್ಟಿರುತ್ತಾರೋ ಇಲ್ಲವೋ. ಸ್ವಾಗತ ಸಭೆಯ ಮಾರನೇ ದಿನವೇ ಗುರಿಕಾರರು ಅದನ್ನು ಹಿಡಿದು ಬಂಗಲೆಗೆ ಹೋಗುತ್ತಾರೆ, ಫಾದರ್ ಒಪ್ಪಿದರೆ ಆ ಸಂಜೆಯೇ ಮೊದಲ ಎರಡು ಮನೆಗೆ ಕರೆದುಕೊಂಡು ಹೋಗುತ್ತಾರೆ. ನಿಮ್ಮ ವಾಳೆಯಲ್ಲೂ ಇಂಥ ಪಟ್ಟಿ ಮಾಡಿ. ಹಾಲ್‌ನ ನಕ್ಷೆ ತೋರಿಸುವುದಕ್ಕೆ ಮೊದಲು ಅದನ್ನು ಅವರ ಕೈಗೆ ಕೊಡಿ.