ಮಡಿ ಕಂಪ್ಯೂಟರ್, ಮೈಲಿಗೆ ಕಂಪ್ಯೂಟರ್

ಮೈಸೂರಿನ ಅಗ್ರಹಾರಗಳಲ್ಲಿ ಮಡಿ ಕಡಿಮೆಯಾಯಿತೆಂದು ಕೊರಗುವ ಹಿರಿಯರು ಒಮ್ಮೆ ಸರಸ್ವತಿಪುರದ ನಮ್ಮ ಕಚೇರಿಗೆ ದಯಮಾಡಿಸಬೇಕು. ಹೊಸದಾಗಿ ಸೇರಿದವರ ಲ್ಯಾಪ್‌ಟಾಪಿಗೆ ಇಲ್ಲಿ ಮೊದಲು ಗೋತ್ರ, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶ ಯಾವುದೆಂದು, ಕೇಳುತ್ತಾರೆ. ವಿಂಡೋಸ್ ಎಂದರೆ ಪಂಕ್ತಿಯಲ್ಲಿ ಎಲೆ ಬೀಳುತ್ತದೆ. ಲಿನಕ್ಸ್ ಎಂದರೆ ಜಗುಲಿಯೇ ಗತಿ, ಪ್ರಿಂಟರನ್ನು ಮುಟ್ಟುವಂತಿಲ್ಲ.

ಮಂಡ್ಯದಿಂದ ದಿನವೂ ರೈಲಿನಲ್ಲಿ ಬರುವ ಹೊಸ ಉದ್ಯೋಗಿಯೊಬ್ಬರು ಕಳೆದ ತಿಂಗಳು ಉಬುಂಟು ಎಂಬ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ತೆರೆದಾಗ ಸೂಪರಿಂಟೆಂಡೆಂಟರು ಎರಡು ಹೆಜ್ಜೆ ಹಿಂದೆ ಸರಿದರು. "ನಾವು ಕೊಂಡಿರುವ ಆ್ಯಂಟಿವೈರಸ್ ಇದಕ್ಕೆ ಹತ್ತುವುದಿಲ್ಲವಲ್ಲಮ್ಮ, ನಿಯಮದ ಪ್ರಕಾರ ಇದನ್ನು ಕಂಪ್ಯೂಟರ್ ಎಂದು ಹೇಗೆ ಕರೆಯುವುದು?" ಎಂದು ಅವರು ನಿಜವಾದ ಕಳಕಳಿಯಿಂದಲೇ ಕೇಳಿದರು. ಅವರ ಕಿಸೆಯಲ್ಲಿದ್ದ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ ಎಂಬುದನ್ನು ಯಾರೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಅಂಥ ಮಾತು ಆಡಬಾರದು.

ನಮ್ಮ ಮಡಿ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 7. ಅದನ್ನು ಮಾಡಿದ ಮೈಕ್ರೋಸಾಫ್ಟಿನವರೇ 2020ರ ಜನವರಿ 14ರಂದು, ಸಂಕ್ರಾಂತಿಗೆ ಒಂದು ದಿನ ಮೊದಲು, ಎಳ್ಳುಬೆಲ್ಲದ ಬದಲು ಎಳ್ಳುನೀರು ಬಿಟ್ಟು ಕೈತೊಳೆದುಕೊಂಡರು. ನಾವು ಬಿಟ್ಟಿಲ್ಲ. ಹತ್ತು ಗಂಟೆಗೆ ಗುಂಡಿ ಒತ್ತಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಆಚಮನದಲ್ಲೇ ಇರುತ್ತದೆ.

ಮಂಡ್ಯದ ಆ ಹೊಸ ಉದ್ಯೋಗಿಯ ಮೇಲೆ ಬಂದ ದೊಡ್ಡ ಆರೋಪವೆಂದರೆ ಆಕೆಯ ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂಬುದು. ನಮ್ಮ ಹಳೆಯ ಫಾಂಟು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಬಾಡಿಗೆಗೆ ಕೂರಿಸಿರುವುದರಿಂದ, ಆ ಫಾಂಟಿಲ್ಲದ ಕಡೆ ನಮ್ಮ ಸುತ್ತೋಲೆಗಳೆಲ್ಲ ಸನ್ನಿ ಹಿಡಿದ ಫ್ರೆಂಚಿನಂತೆ ಕಾಣುತ್ತವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರಲ್ಲಿ, ಲಿನಕ್ಸ್ ಹುಟ್ಟಿದ ವರ್ಷದಲ್ಲೇ. ಗೃಹಪ್ರವೇಶಕ್ಕೆ ನಮ್ಮ ಕಚೇರಿಗೆ ಇನ್ನೂ ಮುಹೂರ್ತ ಕೂಡಿಬಂದಿಲ್ಲ.

ಸಾಹೇಬರ ಕಚ್ಚಿದ ಸೇಬಿನ ಲ್ಯಾಪ್‌ಟಾಪಿನಲ್ಲೂ ಈ ಕಡತಗಳು ಹೀಗೆಯೇ ಕಾಣುತ್ತವೆ. ಆದರೆ ದೊಡ್ಡವರ ಎಂಜಲು ಪ್ರಸಾದವಾದ್ದರಿಂದ ಗುಮಾಸ್ತರು ಎಲ್ಲವನ್ನೂ ಮುದ್ರಿಸಿ ಒಪ್ಪಿಸುತ್ತಾರೆ. ಉಳಿದವರಿಗೆ ಪಿಡಿಎಫ್ ಎಂಬ ಪಂಚಗವ್ಯವಿದೆ. ಮೈಲಿಗೆ ಯಂತ್ರದಲ್ಲಿ ಹುಟ್ಟಿದ ಪತ್ರವೂ ಪಿಡಿಎಫ್ ಆಗಿ ಬಂದರೆ ಅದರ ಕುಲ ಕೇಳುವುದಿಲ್ಲ.

ಈ ತಾರತಮ್ಯ ನೀಗಿಸಲು ಈಗ ಒಂದು ಸಮಿತಿಯೂ ಆಗಿದೆ. ದೂರಿನ ನಮೂನೆ ಮ್ಯಾಕ್ರೋ ಎಂಬ ಪುಟ್ಟ ಆದೇಶಗಳು ತುಂಬಿದ ಎಕ್ಸೆಲ್ ಕಡತವಾದ್ದರಿಂದ, ಎಕ್ಸೆಲ್ ಬದಲು ಆಕೆ ಬಳಸುವ ಲಿಬ್ರೆ ಆಫೀಸಿನಲ್ಲಿ ಅದರ 'ಸಲ್ಲಿಸು' ಗುಂಡಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೊನೆಗೆ ಊಟ ಬಿಟ್ಟು ಮಡಿ ಕಂಪ್ಯೂಟರಿನ ಮುಂದೆ ಕುಳಿತು ದೂರು ಕಳುಹಿಸಿದರು. ಸಮಿತಿ ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ದೂರು ವಿಂಡೋಸಿನಿಂದಲೇ ಬಂದಿರುವುದರಿಂದ ಅರ್ಜಿದಾರರಿಗೆ ಯಾವ ತೊಂದರೆಯೂ ಇಲ್ಲವೆಂದು ತೀರ್ಮಾನಿಸಿ, ಕಡತವನ್ನು ಮುಕ್ತಾಯಗೊಳಿಸಿತು.