ಸೋಲೋ ಬಿಟ್ಟುಕೊಟ್ಟ ಯಂಗ್

ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಸ್ಕೂಲ್ ಯೂನಿಫಾರ್ಮ್ ಹಾಕಿಕೊಂಡು, ಚಡ್ಡಿಯಲ್ಲಿ ಸ್ಟೇಜ್ ತುಂಬಾ ಓಡಾಡುವ ಗಿಟಾರಿಸ್ಟ್ ಆಂಗಸ್ ಯಂಗ್. ಅದರಲ್ಲೇನೂ ತಪ್ಪಿಲ್ಲ, ನೋಡಲು ಮಜವಾಗಿಯೇ ಇರುತ್ತಾನೆ. ಆದರೆ ನನಗೆ ಆ ಬ್ಯಾಂಡ್ ಅಂದರೆ ಅವನ ಅಣ್ಣ, ಮಾಲ್ಕಂ. ಡ್ರಮ್ಸ್ ಪಕ್ಕದಲ್ಲಿ, ಗಿಟಾರಿನ ದನಿ ದೊಡ್ಡದು ಮಾಡುವ ಆಂಪ್‌ಗಳ ಮುಂದೆ ಕಾಲು ಅಲ್ಲಾಡಿಸುತ್ತಾ ನಿಂತಿರುತ್ತಿದ್ದ. ಕೋರಸ್ ಬಂದಾಗ ಮೈಕ್ ಹತ್ತಿರ ಬಂದು ಎರಡು ಸಾಲು ಕೂಗಿ, ಮತ್ತೆ ತನ್ನ ಜಾಗಕ್ಕೆ. ಹಾರ್ಡ್ ರಾಕ್ ರಿದಮ್ ಗಿಟಾರಿನಲ್ಲಿ, ಅಂದರೆ ಸೋಲೋ ಹಿಂದೆ ತಾಳ ಹಿಡಿದು ಹಾಡು ನಡೆಸುವುದರಲ್ಲಿ, ಅವನಷ್ಟು ಎತ್ತಿದ ಕೈ ಇನ್ನೊಬ್ಬರದಿಲ್ಲ ಅನ್ನುವುದು ನನ್ನ ವಾದ. ಜಗಳ ಆಡುವವರು ಧಾರಾಳವಾಗಿ ಆಡಬಹುದು.

"ಅದೇನು, ಮೂರು ಕಾರ್ಡ್ ತಾನೇ?" ಅನ್ನುವವರೇ ಜಾಸ್ತಿ. ಹೌದು, ಅವರ ಹಾಡು 'ಬ್ಯಾಕ್ ಇನ್ ಬ್ಲ್ಯಾಕ್' ಶುರುವಾಗುವುದು ಇ, ಡಿ, ಎ ಅನ್ನುವ ಮೂರು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಮೇಲೆ. ಗಿಟಾರ್ ಕ್ಲಾಸಿಗೆ ಸೇರಿದ ಹುಡುಗರಿಗೆ ಮೊದಮೊದಲೇ ಹೇಳಿಕೊಡುವ ಕಾರ್ಡ್‌ಗಳು. ಬೆರಳು ಇಡುವುದು ಕಷ್ಟವೇ ಅಲ್ಲ. ಆದರೂ ನುಡಿಸಿದರೆ ಆ ಹಾಡಿನ ಹಾಗೆ ಕೇಳಿಸುವುದಿಲ್ಲ, ಅಲ್ವಾ?

ಮೊದಲ ಕಾರಣ ಗೇನ್, ಅಂದರೆ ಗಿಟಾರಿನ ದನಿಯನ್ನು ಒಡೆದು ಒರಟು ಮಾಡುವ ಮಟ್ಟ. ಹಾರ್ಡ್ ರಾಕ್ ಅಂದ ಕೂಡಲೇ ನಾವು ಡಿಸ್ಟಾರ್ಷನ್ ಪೆಡಲ್ ಒತ್ತಿ ಗೇನ್ ತಿರುಗಿಸಿಬಿಡುತ್ತೇವೆ. ಮಾಲ್ಕಂನ ಟೋನ್ ನಿಜಕ್ಕೂ ಅಷ್ಟು ಒರಟಲ್ಲ. ಅವನು ಬಳಸುತ್ತಿದ್ದದ್ದು ಮಾರ್ಷಲ್ ಸೂಪರ್ ಬಾಸ್, ಅಂದರೆ ಬಾಸ್ ಗಿಟಾರಿಗೆಂದು ಮಾಡಿದ 100 ವಾಟ್‌ನ ಆಂಪ್. ಜೋರಾದ ಆಂಪ್, ಆದರೆ ಸುಲಭಕ್ಕೆ ಒಡೆಯದ ದನಿ. ಪೆಡಲ್ ಗೋಜಿಗೇ ಹೋಗುತ್ತಿರಲಿಲ್ಲ. ತಂತಿಗಳು ಮಾತ್ರ ವಿಪರೀತ ದಪ್ಪ. ಸಾಮಾನ್ಯವಾಗಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬರಿಯ ತಂತಿ ಇರುವ ಮೂರನೆಯ ಜಾಗದಲ್ಲೂ ಸುತ್ತು ಹಾಕಿದ ತಂತಿ. ಅದನ್ನು ಬೆಂಡ್ ಮಾಡಿ (ಬೆರಳಿನಿಂದ ಎಳೆದು ಬಾಗಿಸಿ) ಸೋಲೋ ನುಡಿಸುತ್ತೇನೆ ಅಂದರೆ ಬೆರಳಿನ ಕಥೆ ಮುಗಿದ ಹಾಗೆ. ಬಲಗೈಯಲ್ಲಿ ಬಲವಾಗಿ ಹೊಡೆದರೆ ಮಾತ್ರ ಅದು ಮಾತಾಡುವುದು.

ಗೇನ್ ಕಡಿಮೆ ಇರುವುದರಿಂದ ಒಂದು ದೊಡ್ಡ ಲಾಭವಿದೆ. ಡಿಸ್ಟಾರ್ಷನ್ ಜಾಸ್ತಿಯಾದರೆ ಪೂರ್ತಿ ಓಪನ್ ಕಾರ್ಡ್ ಕಲಸಿಹೋಗುತ್ತದೆ. ಅದಕ್ಕೇ ಬಹಳಷ್ಟು ರಾಕ್ ಗಿಟಾರಿಸ್ಟ್‌ಗಳು ಎರಡು ಸ್ವರದ ಪವರ್ ಕಾರ್ಡ್‌ಗೆ ಇಳಿಯುತ್ತಾರೆ. ಮಾಲ್ಕಂ ಐದು, ಆರು ತಂತಿ ಒಟ್ಟಿಗೆ ಬಾರಿಸಿದರೂ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಆ ಅಗಲ ಬರುವುದು ಅಲ್ಲಿಂದ. ಇದಕ್ಕೆ ಇನ್ನೊಂದು ಮುಖವೂ ಇದೆ: ಕೈ ತಪ್ಪಿದರೆ ಅದೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಖಾರ ಸುರಿದು ಬೇಯದ ತರಕಾರಿಯನ್ನು ಮುಚ್ಚಿಡುವ ಅನುಕೂಲ ಇಲ್ಲಿಲ್ಲ.

ಗಿಟಾರ್ ಕೂಡ ಹಾಗೇ. 1963ರ ಗ್ರೆಚ್ ಜೆಟ್ ಫೈರ್‌ಬರ್ಡ್. ಅಣ್ಣ ಜಾರ್ಜ್‌ನ ಜೊತೆಗಾರ, ಈಸಿಬೀಟ್ಸ್ ಬ್ಯಾಂಡಿನ ಹ್ಯಾರಿ ವಾಂಡಾ ಕೊಟ್ಟದ್ದು. ಮಾಲ್ಕಂ ಅದರ ಕೆಂಪು ಬಣ್ಣ ಕೆರೆದು ಹಾಕಿದ. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ಬ್ರಿಜ್ ಹತ್ತಿರದ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಿತ್ತ. ಬೇಡದ್ದನ್ನೆಲ್ಲ ತೆಗೆದ, ಆ ಗಿಟಾರನ್ನೇ ವರ್ಷಗಟ್ಟಲೆ ನುಡಿಸಿದ.

ಇನ್ನು ಖಾಲಿ ಜಾಗ. ನನ್ನ ಪ್ರಕಾರ ಅವನ ನಿಜವಾದ ಕಸುಬು ಇರುವುದೇ ಇಲ್ಲಿ. 'ಬ್ಯಾಕ್ ಇನ್ ಬ್ಲ್ಯಾಕ್' ಇನ್ನೊಮ್ಮೆ ಕೇಳಿ. ಒಂದು ಏಟು, ಆಮೇಲೆ ಮೌನ. ಮತ್ತೆ ಏಟು, ಮತ್ತೆ ಮೌನ. ನಡುವೆ ಕೇಳುವುದು ಫಿಲ್ ರಡ್‌ನ ಡ್ರಮ್ಸ್ ಮಾತ್ರ. ತಂತಿ ಬಾರಿಸುವುದಕ್ಕಿಂತ ಅದನ್ನು ಯಾವ ಕ್ಷಣದಲ್ಲಿ ಒತ್ತಿ ನಿಲ್ಲಿಸಬೇಕು ಅನ್ನುವುದು ಕಷ್ಟ. 1979ರ 'ಹೈವೇ ಟು ಹೆಲ್'ನಲ್ಲಂತೂ ಕೋರಸ್ ಬರುವವರೆಗೆ ಬಾಸ್ ಗಿಟಾರೇ ಇಲ್ಲ! ಗಿಟಾರ್, ಡ್ರಮ್ಸ್, ಹಾಡುಗಾರ. ಅಷ್ಟರಲ್ಲೇ ಹಾಡು ಓಡುತ್ತದೆ. ಬೇರೆಯವರಾಗಿದ್ದರೆ ಆ ಜಾಗದಲ್ಲಿ ಏನಾದರೂ ತುರುಕಿರುತ್ತಿದ್ದರು.

'ಬ್ಯಾಕ್ ಇನ್ ಬ್ಲ್ಯಾಕ್' ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬಗ್ಗೆ ಆಂಗಸ್ ಹೇಳಿರುವ ಕಥೆಯೊಂದಿದೆ. ಮಾಲ್ಕಂ ಅದನ್ನು ಮೊದಲೇ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿಟ್ಟಿದ್ದನಂತೆ. ಚೆನ್ನಾಗಿದೆಯಾ ಇಲ್ವಾ ಅಂತ ಅವನಿಗೇ ಅನುಮಾನ. ಅಳಿಸಿ, ಟೇಪನ್ನು ಬೇರೆಯದಕ್ಕೆ ಬಳಸುವ ಯೋಚನೆಯೂ ಇತ್ತಂತೆ! 1980ರ ಫೆಬ್ರವರಿಯಲ್ಲಿ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡ. ಅದೇ ಜುಲೈಗೆ, ಹೊಸ ಹಾಡುಗಾರ ಬ್ರಯಾನ್ ಜಾನ್ಸನ್ ಜೊತೆ, ಆ ರಿಫ್ ಹೆಸರಿನಲ್ಲೇ ಆಲ್ಬಂ ಬಂತು. ಅಮೆರಿಕ ಒಂದರಲ್ಲೇ 2 ಕೋಟಿಗೂ ಜಾಸ್ತಿ ಪ್ರತಿ ಹೋಗಿದೆ.

ಅವನ ಬೆಲೆ ಗೊತ್ತಾಗಬೇಕಾದರೆ ಸ್ಟುಡಿಯೋ ಆಲ್ಬಂ ಸಾಲದು. 1978ರ ಲೈವ್ ಆಲ್ಬಂ 'ಇಫ್ ಯು ವಾಂಟ್ ಬ್ಲಡ್' ಹಾಕಿ. ಬಹುಪಾಲು ರೆಕಾರ್ಡ್ ಆದದ್ದು ಗ್ಲಾಸ್ಗೋದ ಅಪೊಲೊದಲ್ಲಿ, ಮಾಲ್ಕಂ ಹುಟ್ಟಿದ ಊರಿನಲ್ಲಿ. (1963ರಲ್ಲಿ ಯಂಗ್ ಕುಟುಂಬ ಅಲ್ಲಿಂದ ಸಿಡ್ನಿಗೆ ಹೋಯಿತು, ಬ್ಯಾಂಡ್ ಹುಟ್ಟಿದ್ದು ಹತ್ತು ವರ್ಷದ ನಂತರ.) ಆಂಗಸ್ ಸೋಲೋಗೆ ಹೋದಾಗ ಅವನ ಹಿಂದೆ ಉಳಿಯುವುದು ಒಂದೇ ಗಿಟಾರ್. ಎಷ್ಟೋ ಬ್ಯಾಂಡ್‌ಗಳಲ್ಲಿ ಆ ಹೊತ್ತಿಗೆ ಸದ್ದು ಸೊರಗಿಹೋಗುತ್ತದೆ. ಇಲ್ಲಿ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಆಂಗಸ್ ನೆಲದ ಮೇಲೆ ಉರುಳಾಡುತ್ತಲೂ ನುಡಿಸಬಲ್ಲ, ಯಾಕೆಂದರೆ ತಾಳ ಎಲ್ಲಿದೆ ಅಂತ ಹುಡುಕುವ ಚಿಂತೆ ಅವನಿಗಿಲ್ಲ. ಶುರುವಿನ ದಿನಗಳಲ್ಲಿ ಮಾಲ್ಕಂ ಕೂಡ ಸೋಲೋ ನುಡಿಸುತ್ತಿದ್ದ, ಚೆನ್ನಾಗಿಯೇ ನುಡಿಸುತ್ತಿದ್ದ. ಆಮೇಲೆ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟ. ಹಾಗಂತ ಬ್ಯಾಂಡ್ ಬಿಟ್ಟುಕೊಟ್ಟ ಅಂದುಕೊಳ್ಳಬೇಡಿ. ಅಲ್ಲಿ ಯಜಮಾನ ಅವನೇ.

ಪ್ರಭಾವದ ವಿಷಯಕ್ಕೆ ಬಂದರೆ, ಮೆಟಲ್‌ನವರೇ ಅವನನ್ನು ಜಾಸ್ತಿ ಹೊಗಳುವುದು. ಮೆಗಾಡೆತ್‌ನ ಡೇವ್ ಮಸ್ಟೇನ್, ಆಂಥ್ರಾಕ್ಸ್‌ನ ಸ್ಕಾಟ್ ಇಯನ್. ಇಬ್ಬರೂ ರಿದಮ್ ಕೈಯವರು, ಕಷ್ಟ ಗೊತ್ತಿರುವವರು. 1987ರಲ್ಲಿ ದ ಕಲ್ಟ್ ಬ್ಯಾಂಡ್ 'ಇಲೆಕ್ಟ್ರಿಕ್' ಮಾಡಿದಾಗ ನಿರ್ಮಾಪಕ ರಿಕ್ ರೂಬಿನ್ ಅವರ ಪದರಪದರದ ಗಿಟಾರ್ ಸದ್ದನ್ನೆಲ್ಲ ಒರೆಸಿ, ಒಣ ಏಟಿಗೆ ತಂದ. ಅದರಲ್ಲಿ ಎಸಿ/ಡಿಸಿ ನೆರಳು ಢಾಳಾಗಿ ಕಾಣುತ್ತದೆ. ಆಸ್ಟ್ರೇಲಿಯಾದ ಏರ್‌ಬೋರ್ನ್ ಹುಡುಗರಂತೂ ಮುಚ್ಚುಮರೆಯಿಲ್ಲದೆ ಅದೇ ದಾರಿ ಹಿಡಿದವರು. ಎಂಬತ್ತರ ದಶಕದ ನಡುವಿನ ಕೆಲವು ಆಲ್ಬಂಗಳಲ್ಲಿ ಎಸಿ/ಡಿಸಿಯೇ ಎಸಿ/ಡಿಸಿಯನ್ನು ಸುಮ್ನೆ ನಕಲು ಮಾಡಿದ ಹಾಗಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಕುಡಿತ ಬಿಡಲು ಮಾಲ್ಕಂ 1988ರಲ್ಲಿ ಟೂರ್‌ನಿಂದ ಹೊರಗೆ ಉಳಿದ, ಬಿಟ್ಟು ವಾಪಸ್ ಬಂದ. ಮರೆವಿನ ಕಾಯಿಲೆ ಮಾತ್ರ ಬಿಡಲಿಲ್ಲ. 'ಬ್ಲ್ಯಾಕ್ ಐಸ್' ಟೂರ್ ಹೊತ್ತಿಗೆ ತಾನೇ ಕಟ್ಟಿದ ರಿಫ್‌ಗಳನ್ನು ಮತ್ತೆ ಕಲಿಯಬೇಕಾಗಿ ಬಂತು. ಕಲಿತು, ಸ್ಟೇಜ್ ಹತ್ತಿದ. ಕೊನೆಯ ಶೋ 2010ರ ಜೂನ್‌ನಲ್ಲಿ, ಸ್ಪೇನ್‌ನ ಬಿಲ್ಬಾವೊದಲ್ಲಿ. 2017ರ ನವೆಂಬರ್ 18ರಂದು ತೀರಿಕೊಂಡಾಗ 64 ವರ್ಷ.

ಈಗ ಆ ಜಾಗದಲ್ಲಿ ನಿಲ್ಲುವುದು ಮಾಲ್ಕಂನ ಅಣ್ಣನ ಮಗ ಸ್ಟೀವಿ, ಅವನ ಕೈಯಲ್ಲೂ ಗ್ರೆಚ್. 2020ರಲ್ಲಿ ಬಂದ 'ಪವರ್ ಅಪ್' ಆಲ್ಬಂನ ಹನ್ನೆರಡೂ ಹಾಡುಗಳಿಗೆ ಆಂಗಸ್ ಜೊತೆ ಮಾಲ್ಕಂ ಹೆಸರಿದೆ, ಅಣ್ಣ ತಮ್ಮ ಹಿಂದೆ ಮಾಡಿಟ್ಟಿದ್ದ ತುಣುಕುಗಳಿಂದ ಕಟ್ಟಿದ್ದು. ಎಲ್ಲ ಹಾಡೂ ನನಗೆ ಹಿಡಿಸಲಿಲ್ಲ. 'ಶಾಟ್ ಇನ್ ದ ಡಾರ್ಕ್' ಮಾತ್ರ ಇನ್ನೂ ಕೇಳುತ್ತಿದ್ದೇನೆ.